ಮಿಕ್ಕ ಅಕ್ಕಿ, ಹೆಚ್ಚಿದ ಹೊನ್ನು: ಶರಣರ ಕಾಯಕದಲ್ಲಿ ಮಿತಿಯ ವಿಚಾರ

ಕನ್ನಡ ನಾಡಿನಲ್ಲಿ ಕಾಯಕವೆಂಬ ಶಬ್ದಕ್ಕೆ ದೊರೆತಿರುವ ಗೌರವ ಅಸಾಧಾರಣವಾದುದು. ಕಚೇರಿಗಳ ಗೋಡೆಗಳ ಮೇಲೆ, ಕಾರ್ಖಾನೆಗಳ ಹೆಬ್ಬಾಗಿಲುಗಳಲ್ಲಿ, ಸಮಾರಂಭಗಳ ವೇದಿಕೆಗಳಲ್ಲಿ ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರುವ ನುಡಿ ಕಾಣಿಸಿಕೊಳ್ಳುತ್ತದೆ. ಅದು ಬಸವಣ್ಣನವರ ನುಡಿಯೆಂದೇ ಬಹುಜನರ ನಂಬುಗೆ. ವಚನಗಳ ಪಾಠವನ್ನು ನೋಡಿದವರಿಗೆ ಅದು ಆಯ್ದಕ್ಕಿ ಮಾರಯ್ಯನ ವಚನದೊಳಗಿನ ಮಾತೆಂಬುದು ತಿಳಿದಿದೆ. ಈ ವ್ಯತ್ಯಾಸ ಕೇವಲ ಕರ್ತೃತ್ವದ ವಿಚಾರವಲ್ಲ. ಆ ನುಡಿಯನ್ನು ಆಡಿದವನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವನು. ಒಂದು ದಿನ ಹೆಚ್ಚಾಗಿ ಆಯ್ದು ತಂದುದಕ್ಕೆ ಹೆಂಡತಿಯಿಂದ ತಿದ್ದಿಸಿಕೊಂಡವನು. ಕಾಯಕಕ್ಕೆ ಅಳತೆಯುಂಟು ಎಂಬುದನ್ನು ತನ್ನ ಬಾಳಿನಲ್ಲಿ ಕಲಿತವನ ಮಾತನ್ನು, ಹೆಚ್ಚು ದುಡಿ, ಹೆಚ್ಚು ಬೆಳೆ ಎಂಬ ಉಪದೇಶವಾಗಿ ಇಂದು ಬಳಸಲಾಗುತ್ತಿದೆ. ಈ ಬಳಕೆ ಎಷ್ಟರಮಟ್ಟಿಗೆ ವಚನಗಳಿಗೆ ನಿಷ್ಠವಾದುದು ಎಂಬುದು ಪ್ರಕೃತ ಲೇಖನದ ವಿಚಾರ.

ಶರಣರ ಕಾಯಕವನ್ನು ಕುರಿತು ಬಂದಿರುವ ವಿವೇಚನೆಗಳು ಸಾಮಾನ್ಯವಾಗಿ ಮೂರು ಅಂಶಗಳನ್ನು ಎತ್ತಿ ಹೇಳುತ್ತವೆ: ದುಡಿಮೆಯಲ್ಲಿ ಮೇಲುಕೀಳಿಲ್ಲ, ದುಡಿಯದೆ ಉಣ್ಣಲಾಗದು, ದುಡಿದುದನ್ನು ದಾಸೋಹಕ್ಕೆ ಸಲ್ಲಿಸಬೇಕು. ಮೂರೂ ನಿಜ. ಆದರೆ ನಾಲ್ಕನೆಯದೊಂದಿದೆ. ದುಡಿಮೆಗೆ ಎಲ್ಲೆಯುಂಟು, ಆ ಎಲ್ಲೆಯನ್ನು ಕೊಳ್ಳುವವನಾಗಲಿ ಕೊಡುವವನಾಗಲಿ ನಿರ್ಣಯಿಸಲಾರ, ಮಾಡುವವನೇ ನಿರ್ಣಯಿಸಬೇಕು. ಸಣ್ಣ ಕಮ್ಮಟವೊಂದನ್ನು ನಡೆಸುತ್ತ ಅದನ್ನು ದೊಡ್ಡದು ಮಾಡಲೊಲ್ಲದೆ ಚೊಕ್ಕವಾಗಿ ಉಳಿಸಿಕೊಂಡ ಶರಣರ ಈ ನಿಲುವಿಗೆ ವಿಮರ್ಶೆಯಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

೧

ಈ ವಿಚಾರಕ್ಕೆ ಮುಖ್ಯ ಆಧಾರವಾದ ಶೂನ್ಯಸಂಪಾದನೆ ತುಮಕೂರು ಸೀಮೆಗೆ ಹತ್ತಿರದ ಗ್ರಂಥ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ ಇವರ ಬಳಿಕ ನಾಲ್ಕನೆಯವನಾಗಿ ಅದನ್ನು ಸಂಕಲಿಸಿದ ಸಿದ್ಧವೀರಣೊಡೆಯನ ಹೆಸರಿನೊಂದಿಗೆ ತುಮಕೂರಿನ ಮಗ್ಗುಲಲ್ಲಿರುವ ಗೂಳೂರು ಸೇರಿಕೊಂಡಿದೆ. ಅವನು ತೋಂಟದ ಸಿದ್ಧಲಿಂಗಯತಿಗಳ ಶಿಷ್ಯಪರಂಪರೆಗೆ ಸೇರಿದವನು. ಆ ಯತಿಗಳು ತಪವಿದ್ದ ಕಗ್ಗೆರೆಯ ತೋಟ, ಅವರ ಗದ್ದುಗೆಯಿರುವ ಎಡೆಯೂರು, ಎರಡೂ ಕುಣಿಗಲ್ ತಾಲ್ಲೂಕಿನವು. ಅದೇ ತಾಲ್ಲೂಕಿನ ಅಮೃತೂರು ಸೀಮೆಯ ಭಕ್ತರು ಎಡೆಯೂರಿನ ಜಾತ್ರೆಗೆ ಹೋಗಿಬರುವುದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ.

ಸಿದ್ಧಲಿಂಗಯತಿಗಳು ೭೦೧ ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ರಚಿಸಿದ ಮಹಾಯೋಗಿಗಳು. ಮೈಮೇಲೆ ಹುತ್ತ ಬೆಳೆದರೂ ಅರಿಯದೆ ಶಿವಯೋಗದಲ್ಲಿ ಕುಳಿತಿದ್ದರೆಂದು ಜನ ಅವರನ್ನು ನೆನೆಯುತ್ತಾರೆ. ಅಂತಹ ಯೋಗಿಯ ಪರಂಪರೆಯಲ್ಲಿ ಬಂದ ಸಂಕಲನಕಾರನು ಹಗ್ಗ ಹೊಸೆಯುವವನಿಗೂ, ಅಕ್ಕಿ ಆಯುವವನಿಗೂ, ಸೌದೆ ಮಾರುವವನಿಗೂ ಒಂದೊಂದು ಅಧ್ಯಾಯವನ್ನೇ ಮೀಸಲಿಟ್ಟನು. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದು ಈ ಗೂಳೂರಿನ ಪಾಠವನ್ನೇ. ಶೂನ್ಯದ ಸಂಪಾದನೆಯನ್ನು ಹೇಳಹೊರಟ ಗ್ರಂಥದಲ್ಲಿ ನುಲಿಯ ಹಗ್ಗಕ್ಕೆ ಎಡೆ ದೊರೆತುದು ಆಕಸ್ಮಿಕವಲ್ಲ.

೨

ನುಲಿಯ ಚಂದಯ್ಯನು ಕೆರೆಯಂಚಿನ ಹುಲ್ಲನ್ನು ಕೊಯ್ದು ತಂದು, ಹಗ್ಗ ಕಣ್ಣಿಗಳನ್ನು ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದನು. ಅವನವೆಂದು ಉಳಿದುಬಂದಿರುವ ವಚನಗಳು ೪೮. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತು. ಚಂದಯ್ಯನು ಅದನ್ನು ತೆಗೆದುಕೊಳ್ಳಲಿಲ್ಲ. ಕಾಯಕದ ಹೊತ್ತು ಮೀರುವುದೆಂದು ಹೊರೆ ಹೊತ್ತು ನಡೆದನು. ಲಿಂಗವೇ ಅವನ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನು ನಡುವೆ ನಿಂತು ನ್ಯಾಯ ಹೇಳಬೇಕಾಯಿತು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದ ಯಾರಿಗೂ ವಿನಾಯಿತಿಯಿಲ್ಲ ಎಂಬುದು ಚಂದಯ್ಯನ ವಚನವೊಂದರ ಅಭಿಪ್ರಾಯ. ಅದಕ್ಕೆ ಅನುಗುಣವಾಗಿ ಶರಣಚರಿತ್ರೆಗಳ ಪರಂಪರೆ ಈ ಕಥೆಯನ್ನು ಮುಂದುವರಿಸುತ್ತದೆ: ಲಿಂಗದೇವನೇ ಚಂದಯ್ಯನ ಮನೆಯಲ್ಲಿ ಆಳಾಗಿ ನಿಂತು, ಹೊಸೆದ ಹಗ್ಗವನ್ನು ಮಾರಿ ಬರಲು ಹೋಗುತ್ತಾನೆ. ಬಸವಣ್ಣನವರು ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಬಹುಪಾಲು ಹೆಚ್ಚಿನ ಹೊನ್ನನ್ನು ಕೊಟ್ಟು ಕಳಿಸುತ್ತಾರೆ. ಚಂದಯ್ಯ ಅದನ್ನು ಒಪ್ಪುವುದಿಲ್ಲ. ಹಗ್ಗದ ಬೆಲೆ ಮಾತ್ರ ತನ್ನದು, ಮಿಕ್ಕುದು ತನ್ನದಲ್ಲವೆಂದು ಹಿಂದಿರುಗಿಸುತ್ತಾನೆ.

ಈ ಕಥೆಯನ್ನು ಭಕ್ತಿಯ ಪವಾಡವೆಂದಷ್ಟೇ ಓದಿದರೆ ಅದರ ಅರ್ಧಭಾಗ ಕೈತಪ್ಪುತ್ತದೆ. ಇಲ್ಲಿ ಮಾಡುವವನು ಬೇರೆ, ಮಾರುವವನು ಬೇರೆ. ಮಾರುವವನು ಸಾಕ್ಷಾತ್ ಲಿಂಗದೇವನೇ ಆದರೂ ಬೆಲೆಯ ವಿಚಾರದಲ್ಲಿ ಎಡವುತ್ತಾನೆ. ಏಕೆಂದರೆ ಅವನ ಅಂಗೈಗೆ ಹುಲ್ಲಿನ ಗರುಕು ತಾಗಿಲ್ಲ. ಒಂದು ಮಾರು ಹಗ್ಗಕ್ಕೆ ಎಷ್ಟು ಹುಲ್ಲು, ಎಷ್ಟು ಹೊತ್ತು, ಎಷ್ಟು ಹುರಿ ಎಂಬುದು ಅವನ ಅರಿವಿಗೆ ಬಂದಿಲ್ಲ. ಶ್ರಮವನ್ನು ಅರಿತವನಿಗಷ್ಟೇ ಬೆಲೆ ತಿಳಿಯುವುದು. ಸರ್ವಜ್ಞನಾದ ದೇವರಿಗೂ ಕೈಗೆಲಸದಿಂದಲೇ ತಿಳಿಯಬೇಕಾದುದೊಂದು ಉಂಟು ಎಂಬ ಧೀರವಾದ ಮಾತನ್ನು ಈ ಕಥೆ ಸದ್ದಿಲ್ಲದೆ ಹೇಳಿಬಿಡುತ್ತದೆ.

ಹಗ್ಗದ ಕಸುಬಿನ ಗುಣವನ್ನು ನೆನೆದರೆ ಈ ನಿಲುವಿನ ಔಚಿತ್ಯ ಇನ್ನೂ ಸ್ಪಷ್ಟವಾಗುತ್ತದೆ. ಎಳೆಗಳನ್ನು ಒಂದು ದಿಕ್ಕಿಗೆ ಹುರಿಮಾಡಿ, ಹುರಿಗೊಂಡ ಎಳೆಗಳನ್ನು ಎದುರು ದಿಕ್ಕಿಗೆ ಕೂಡಿಸಿ ಹೊಸೆದಾಗ ಒಂದರ ಬಿಗಿ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಎಳೆಯ ದಪ್ಪ ಒಂದೆಡೆ ಕಡಿಮೆಯಾದರೆ, ಹುರಿ ಸಡಿಲಾದರೆ, ಹಗ್ಗ ಸಂತೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕೊಂಡವನಿಗೆ ದೋಷ ತಿಳಿಯುವುದು ಬಿಂದಿಗೆ ಬಾವಿಯ ತಳಕ್ಕೆ ಬಿದ್ದಾಗ, ಹೋರಿ ಕಣ್ಣಿ ಹರಿದುಕೊಂಡು ಹೋದಾಗ. ಹಗ್ಗದವನ ಪ್ರಾಮಾಣಿಕತೆಗೆ ಮಾರುವ ಹೊತ್ತಿನಲ್ಲಿ ಸಾಕ್ಷಿಯೇ ಇಲ್ಲ. ಸಾಕ್ಷಿಯಿಲ್ಲದ ಕಡೆ ಶುದ್ಧವಾಗಿರುವುದೇ ಸತ್ಯಶುದ್ಧ ಕಾಯಕ. ಇಂತಹ ಕಸುಬಿಗೆ ಬೆಲೆಗೆ ಮೀರಿದ ಹೊನ್ನು ಬಂದರೆ ಎರಡು ಕೇಡುಗಳು ಒದಗುತ್ತವೆ. ಒಂದು, ಹಗ್ಗಕ್ಕೂ ಹೊನ್ನಿಗೂ ಇದ್ದ ಸಂಬಂಧ ಕಡಿಯುತ್ತದೆ. ಸಡಿಲ ಹಗ್ಗಕ್ಕೂ ಅದೇ ಹೊನ್ನು ದೊರೆಯುವುದಾದರೆ ಬಿಗಿಯಾಗಿ ಹೊಸೆಯುವುದೇತಕ್ಕೆ? ಎರಡು, ಹಗ್ಗದವನು ಸಂತೆಯ ಹತ್ತು ಜನರನ್ನು ಬಿಟ್ಟು ಒಬ್ಬ ಧನಿಕನ ಬಾಗಿಲನ್ನು ಕಾಯತೊಡಗುತ್ತಾನೆ. ಚಂದಯ್ಯನು ಹಿಂದಿರುಗಿಸಿದುದು ಕೇವಲ ಹೊನ್ನನ್ನಲ್ಲ, ಈ ಎರಡು ಕೇಡುಗಳನ್ನು. ಪರರನ್ನು ನೋಯಿಸಿ, ಕಂಡವರಲ್ಲಿ ಬೇಡಿ ಗಳಿಸಿದುದು ಲಿಂಗದ ನೈವೇದ್ಯಕ್ಕೆ ಸಲ್ಲದು ಎಂಬ ಅರ್ಥದ ಅವನ ವಚನವನ್ನು ಈ ಹಿನ್ನೆಲೆಯಲ್ಲಿ ಓದಬೇಕು.

೩

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ಇದರ ಜೊತೆಗಿಟ್ಟು ನೋಡಬೇಕಾದುದು. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಾನೆ. ಒಂದು ದಿನ ಬಸವಣ್ಣನವರ ಕರುಣೆಯಿಂದ ಅಂಗಳದಲ್ಲಿ ಅಕ್ಕಿ ಹೆಚ್ಚಾಗಿ ಬಿದ್ದಿರುತ್ತದೆ. ಮಾರಯ್ಯ ಎಲ್ಲವನ್ನೂ ಕಟ್ಟಿಕೊಂಡು ಬರುತ್ತಾನೆ. ಲಕ್ಕಮ್ಮ ಗಂಟನ್ನು ಕಂಡೊಡನೆ ಇದು ನಿತ್ಯದ ಅಳತೆಯಲ್ಲವೆಂದು ಗುರುತಿಸುತ್ತಾಳೆ. ಆಸೆ ಅರಸರಿಗೆ ತಕ್ಕುದು, ಶಿವಭಕ್ತರಿಗೆ ಅದೇತಕ್ಕೆ ಎಂದು ಕೇಳಿ, ಮಿಕ್ಕ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ಅವಳ ಲಭ್ಯ ವಚನಗಳು ೨೫ ಮಾತ್ರ. ಕಾಯಕದ ಅರ್ಥಶಾಸ್ತ್ರವನ್ನು ಇಷ್ಟು ನಿಖರವಾಗಿ ಹೇಳಿದವರು ವಿರಳ.

ಈ ಪ್ರಸಂಗದ ಇನ್ನೊಂದು ಮುಖವನ್ನು ಮರೆಯಬಾರದು. ಮಾರಯ್ಯನು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕೆಲಸ ನಿಂತಿದೆಯೆಂದು ಅವನನ್ನು ಎಬ್ಬಿಸಿ ಕಳಿಸಿದವಳೂ ಅವಳೇ. ಹೆಚ್ಚಾದುದನ್ನು ಹಿಂದಕ್ಕೆ ಕಳಿಸಿದ ಕೈಯೇ ಕೊರೆಯಾಗದಂತೆ ಮುಂದಕ್ಕೂ ನೂಕಿತು. ಆದುದರಿಂದ ಶರಣರ ಮಿತಿಯೆಂಬುದು ಸೋಮಾರಿತನದ ಸಮರ್ಥನೆಯಲ್ಲ. ಅಳತೆ ಮೀರಬಾರದೆಂಬುದೂ ಅಳತೆ ತಪ್ಪಬಾರದೆಂಬುದೂ ಒಂದೇ ನೇಮದ ಎರಡು ಕಡೆಗಳು.

ಎರಡು ಕಥೆಗಳಿಗೂ ಸಮಾನವಾದ ಅಂಶವೊಂದಿದೆ. ಎರಡರಲ್ಲಿಯೂ ಹೆಚ್ಚಳ ಬರುವುದು ಬಸವಣ್ಣನವರ ಕಡೆಯಿಂದಲೇ. ಭಂಡಾರಿಯಾದ ಅವರ ಔದಾರ್ಯ ನಿಷ್ಕಳಂಕವಾದುದು. ಆದರೂ ಕಥೆ ಆ ಔದಾರ್ಯವನ್ನು ಕೈಗೆಲಸದವನ ಪಾಲಿಗೆ ಪರೀಕ್ಷೆಯೆಂದು ನಿಲ್ಲಿಸುತ್ತದೆ. ಕೆಟ್ಟವನು ಕೊಡುವ ಹೆಚ್ಚಳವನ್ನು ನಿರಾಕರಿಸುವುದು ಸುಲಭ. ಒಳ್ಳೆಯವನು ಪ್ರೀತಿಯಿಂದ ಕೊಡುವುದನ್ನು ನಿರಾಕರಿಸುವುದು ಕಷ್ಟ. ಶರಣ ಪರಂಪರೆ ತನ್ನ ಪರಮಪೂಜ್ಯ ನಾಯಕರನ್ನೇ ಈ ಸ್ಥಾನದಲ್ಲಿ ಇರಿಸಿ ಕಥೆ ಕಟ್ಟಿತೆಂಬುದು ಅದರ ನಿರ್ಭೀತಿಗೆ ಸಾಕ್ಷಿ. ನಾಳೆಗೆಂದು ಹೊನ್ನಿನ ಒಂದೊರೆಯನ್ನಾಗಲಿ ಸೀರೆಯ ಒಂದು ನೂಲನ್ನಾಗಲಿ ಬಯಸಲಾರೆನೆಂದು ಬಸವಣ್ಣನವರು ಸ್ವತಃ ವಚನದಲ್ಲಿ ಆಣೆಯಿಟ್ಟವರು. ಹಾಗಾಗಿ ಚಂದಯ್ಯ, ಲಕ್ಕಮ್ಮ ಇವರು ಬಸವಣ್ಣನವರನ್ನು ವಿರೋಧಿಸಿದರೆಂದು ತಿಳಿಯಲಾಗದು. ಬಸವಣ್ಣನವರ ಮಾತನ್ನು ಬಸವಣ್ಣನವರ ಕೊಡುಗೆಯೆದುರಿಗೇ ನಡೆಸಿ ತೋರಿದರು.

೪

ಗೂಳೂರಿಗೆ ಸಮೀಪದಲ್ಲಿಯೇ ಕೈದಾಳವಿದೆ. ಅಲ್ಲಿನ ಚೆನ್ನಕೇಶವ ದೇವಾಲಯ ೧೨ನೆಯ ಶತಮಾನದ ಮಧ್ಯಭಾಗದ್ದು, ಎಂದರೆ ಕಲ್ಯಾಣದ ಶರಣರ ಕಾಲಕ್ಕೇ ಸೇರಿದುದು. ಜಕಣಾಚಾರಿಯ ಐತಿಹ್ಯ ಈ ಊರಿನ ಹೆಸರನ್ನೇ ಬೆಳಗಿಸಿದೆ. ಬೇಲೂರಿನಲ್ಲಿ ತಾನು ಕಡೆದ ವಿಗ್ರಹದಲ್ಲಿ ದೋಷವಿದ್ದರೆ ಕೈಯನ್ನೇ ಕಡಿದುಕೊಳ್ಳುವೆನೆಂದು ಆಚಾರಿ ಪಂಥ ಕಟ್ಟಿದನು. ಮಗ ಡಂಕಣನು ಕಲ್ಲಿನೊಳಗಣ ಕಪ್ಪೆಯನ್ನು ತೋರಿಸಿದನು. ತಂದೆ ಕೈ ಕಳೆದುಕೊಂಡನು. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿಸಿ ಅದನ್ನು ಮರಳಿ ಪಡೆದನು. ಬೇಲೂರಿನ ಶಿಲ್ಪಗಳ ಮೇಲೆ ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು. ಜಕಣಾಚಾರಿಯು ಜನಮನದ ಶಿಲ್ಪಿ. ಆದರೂ ಐತಿಹ್ಯಕ್ಕೆ ತನ್ನದೇ ಸತ್ಯವಿದೆ.

ಒಂದೇ ಸೀಮೆಯ ಎರಡು ಕಥೆಗಳನ್ನು ಹೋಲಿಸಿದರೆ ಕುಶಲಕರ್ಮಿಯ ಎರಡು ಆದರ್ಶಗಳು ಕಾಣುತ್ತವೆ. ಕೈದಾಳದ ಕಥೆಯಲ್ಲಿ ಶ್ರೇಷ್ಠತೆ ಪಂಥದಿಂದ ಬರುತ್ತದೆ, ಸಭೆಯೆದುರು ಪರೀಕ್ಷೆಗೊಳ್ಳುತ್ತದೆ, ದೋಷಕ್ಕೆ ದಂಡ ತೆರುತ್ತದೆ. ಚಂದಯ್ಯನ ಕಥೆಯಲ್ಲಿ ಸಭೆಯಿಲ್ಲ, ಪಂಥವಿಲ್ಲ, ಪ್ರತಿದಿನದ ಹಗ್ಗವಿದೆ. ಅರಸನ ದೇಗುಲಕ್ಕೆ ಒಮ್ಮೆ ಕಡೆಯುವ ವಿಗ್ರಹದ ಗುಣ ಬೇರೆ, ಸಂತೆಗೆ ನಿತ್ಯ ಒಯ್ಯುವ ಹಗ್ಗದ ಗುಣ ಬೇರೆ. ಮೊದಲನೆಯದನ್ನು ಕೀರ್ತಿ ಕಾಪಾಡುತ್ತದೆ. ಎರಡನೆಯದನ್ನು ನೇಮವಲ್ಲದೆ ಬೇರೇನೂ ಕಾಪಾಡಲಾರದು. ವಚನಕಾರರಲ್ಲಿ ಮಗ್ಗದ ಜೇಡರ ದಾಸಿಮಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಸೂಜಿಕಾಯಕದ ರಾಮಿತಂದೆ, ಕನ್ನಡಿ ಕಾಯಕದ ಅಮ್ಮಿದೇವಯ್ಯ, ನೂಲುವ ಕದಿರೆ ರೆಮ್ಮವ್ವೆ ಮೊದಲಾದವರೆಲ್ಲ ಈ ಎರಡನೆಯ ಪಂಕ್ತಿಗೆ ಸೇರಿದವರು. ಅವರ ಉಪಕರಣಗಳು ವಚನಗಳಲ್ಲಿ ರೂಪಕಗಳಾಗಿ ಬಂದುದನ್ನು ವಿಮರ್ಶಕರು ಮೆಚ್ಚಿದ್ದಾರೆ. ಕದಿರು, ಸೂಜಿ, ಹುರಿಗಳ ವಿಚಾರದಲ್ಲಿ ಕೈತಪ್ಪಲೊಲ್ಲದ ಎಚ್ಚರವೇ ವಚನದ ಭಾಷೆಯ ಮಿತತ್ವಕ್ಕೂ ಕಾರಣವಾಗಿರಬಹುದೆಂಬ ದಿಕ್ಕಿನಲ್ಲಿಯೂ ಅಧ್ಯಯನ ನಡೆಯಬೇಕು.

೫

ಈ ವಾದಕ್ಕೆ ಬಲವಾದ ಆಕ್ಷೇಪಣೆಗಳುಂಟು. ಮೊದಲನೆಯದು: ಮಿತಿಯನ್ನು ಹೊಗಳುವುದೆಂದರೆ ಬಡತನವನ್ನು ಹೊಗಳಿದಂತಲ್ಲವೆ? ದುಡಿಯುವವರನ್ನು ಇದ್ದಲ್ಲಿಯೇ ಇರಿಸಲು ಉಳ್ಳವರು ಇದೇ ಮಾತನ್ನು ಬಳಸಲಾರರೆ? ಆಕ್ಷೇಪಣೆ ನ್ಯಾಯವಾದುದು. ಉತ್ತರ ಕಥೆಗಳಲ್ಲಿಯೇ ಇದೆ. ಮಿಕ್ಕುದನ್ನು ಬೇಡವೆಂದವರು ಚಂದಯ್ಯ, ಲಕ್ಕಮ್ಮರೇ ಹೊರತು ಬಸವಣ್ಣನವರಲ್ಲ. ಕೊಡುವವನು ಇಷ್ಟೇ ಸಾಕೆಂದು ನಿರ್ಣಯಿಸಿದರೆ ಅದು ಶೋಷಣೆ. ಮಾಡುವವನು ಇಷ್ಟು ಸಾಕೆಂದು ನಿರ್ಣಯಿಸಿದರೆ ಅದು ನೇಮ. ಸಲ್ಲಬೇಕಾದ ಬೆಲೆಯನ್ನು ಚಂದಯ್ಯ ಬಿಟ್ಟುಕೊಟ್ಟನೆಂದು ಯಾವ ಕಥೆಯೂ ಹೇಳುವುದಿಲ್ಲ. ಚಿತ್ತಶುದ್ಧಿಯಿಂದ ದುಡಿಯುವವನ ಕಡೆಗೆ ಲಕ್ಷ್ಮಿ ತಾನಾಗಿ ಬರುವಳೆಂಬ ಆಶಯದ ಲಕ್ಕಮ್ಮನ ಮಾತಿನಲ್ಲಿ ದೈನ್ಯದ ಸುಳಿವೂ ಇಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಕಠಿಣವಾದುದು. ನಾಳೆಗೆ ಏನನ್ನೂ ಇಡದ ಕಮ್ಮಟ, ಮಳೆ ತಪ್ಪಿದ ವರ್ಷ, ಕೆರೆಯಲ್ಲಿ ಹುಲ್ಲು ಬೆಳೆಯದ ವರ್ಷ ಹೇಗೆ ಬದುಕೀತು? ಮಾಕ್ಸ್ ವೇಬರನು ೧೯೦೪-೦೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ದುಡಿಮೆಯನ್ನು ದೇವರ ಕರೆಯೆಂದು ತಿಳಿದ ಪ್ರಾಟೆಸ್ಟಂಟ್ ಪಂಥಗಳ ಮಿತವ್ಯಯ ಬಂಡವಾಳದ ಸಂಗ್ರಹಕ್ಕೆ ದಾರಿಮಾಡಿತೆಂದು ಪ್ರತಿಪಾದಿಸಿದನು. ಕಾಯಕವನ್ನು ಅದಕ್ಕೆ ಹೋಲಿಸುವವರು ಅನೇಕರು. ಹೋಲಿಕೆ ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. ಅಲ್ಲಿ ಉಳಿದುದು ಮತ್ತೆ ಉದ್ಯಮಕ್ಕೆ ಹೋಯಿತು. ಇಲ್ಲಿ ಉಳಿದುದು ದಾಸೋಹಕ್ಕೆ ಹೋಯಿತು. ದಾಸೋಹವೆಂಬುದು ಕೇವಲ ದಾನವಲ್ಲ. ಒಬ್ಬನ ಕೊರತೆಯನ್ನು ಸಮುದಾಯ ಹೊರುವ ಏರ್ಪಾಡು ಅದು. ಸಂಗ್ರಹವಿಲ್ಲದ ಸಣ್ಣ ಕಮ್ಮಟ ಒಂಟಿಯಾಗಿ ನಿಲ್ಲಲಾರದು. ಸುತ್ತಲೂ ಮಹಾಮನೆಯಂತಹ ಆಸರೆಯಿರಬೇಕು. ಕಲ್ಯಾಣ ಚದುರಿದಾಗ ಕಾಯಕಜೀವಿಗಳೂ ಚದುರಿದರೆಂಬುದನ್ನು ಈ ದೃಷ್ಟಿಯಿಂದ ಆಲೋಚಿಸಬೇಕು. ಚಂದಯ್ಯನ ಆದರ್ಶವನ್ನು ಹೇಳಿ ಅದರ ಸುತ್ತಣ ಆಸರೆಯನ್ನು ಹೇಳದಿರುವುದು ಉಪದೇಶಕರು ಸಾಮಾನ್ಯವಾಗಿ ಮಾಡುವ ಅನ್ಯಾಯ.

೬

ಆಧುನಿಕ ಕಾಲದ ನಿದರ್ಶನಗಳು ಇದನ್ನು ಪುಷ್ಟೀಕರಿಸುತ್ತವೆ. ವಚನಗಳನ್ನು ನಾಡಿಗೆ ಮರಳಿ ಕೊಟ್ಟ ಫ.ಗು. ಹಳಕಟ್ಟಿಯವರು (೧೮೮೦-೧೯೬೪) ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಮುಂದಿನ ವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಅದು ಲಾಭದ ಉದ್ಯಮವಾಗಿ ಬೆಳೆಯಲಿಲ್ಲ. ಶಾಸನದಂತಹ ಕೆಲಸವನ್ನು ಉಳಿಸಿಹೋಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ೧೯೯೬ರಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಂತಹ ಸಹಜ ಬಣ್ಣಗಳನ್ನು ಕಟ್ಟಿ ಹೆಸರಾಯಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಉತ್ಪನ್ನಗಳಿಗೆ ವಿನಾಯಿತಿ ಬೇಡಿ ಪ್ರಸನ್ನರು ಉಪವಾಸ ಕೂರಬೇಕಾಯಿತು. ೨೦೨೦ರಲ್ಲಿ ಸಂಘ ತೀವ್ರ ಹಣಕಾಸಿನ ಸಂಕಟಕ್ಕೆ ಸಿಲುಕಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ನೂಲಿನ ಎಣಿಕೆ, ಬಣ್ಣ, ಹೊಲಿಗೆಗಳಲ್ಲಿ ಕಟ್ಟುನಿಟ್ಟಾದ ಪ್ರಮಾಣಗಳಿಗೆ ಒಳಪಟ್ಟು ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯ ತಿದ್ದುಪಡಿಯು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶವಿತ್ತಾಗ, ನೂಲುವ ನೇಯುವ ಕೈಗಳಿಗೆ ಪೆಟ್ಟು ಬಿದ್ದಿತು. ಮೂರು ಕಡೆಯೂ ಗುಣ ಕೆಟ್ಟು ಕಷ್ಟ ಬಂದುದಲ್ಲ. ಗುಣಕ್ಕೆ ಬೇಕಾದ ಆಸರೆ ಸಾಲದೆ ಬಂದುದು.

ತೆಂಗು ಬೆಳೆಯುವ ಅಮೃತೂರು ಸೀಮೆಯಲ್ಲಿ ಈ ವಿಚಾರ ದೂರದ್ದಲ್ಲ. ಕಾಯಿಮಟ್ಟೆಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ ಹಗ್ಗ ಹೊಸೆಯುವ ವಿದ್ಯೆ ತೆಂಗಿನ ನಾಡಿನಲ್ಲಿ ಮನೆಮಾತಾಗಿದ್ದುದು. ಸಂತೆಗಳಲ್ಲಿ ಇಂದು ರಾಶಿಬಿದ್ದಿರುವುದು ಪ್ಲಾಸ್ಟಿಕ್ ಹಗ್ಗ. ಅದು ಅಗ್ಗ, ನೀರಿಗೆ ಕೊಳೆಯದು. ಆದರೆ ರಾಸಿನ ಕೊರಳನ್ನು ಒರೆಯುತ್ತದೆ; ಹಳತಾದ ಮೇಲೆ ಮಣ್ಣಿಗೂ ಸೇರದೆ ಉಳಿಯುತ್ತದೆ. ಕೈಹಗ್ಗ ಹೊಸೆಯುವವನಿಗೆ ದೊಡ್ಡದಾಗಿ ಬೆಳೆಯಬೇಕೆಂಬ ಬೋಧನೆಯನ್ನು ಹೇಳುವವರು ಬಹಳ. ಅವನು ಒಂದು ದಿನಕ್ಕೆ ಬಿಗಿಯಾಗಿ ಹೊಸೆಯಬಲ್ಲ ಮಾರುಗಳಿಗೆ ಎಲ್ಲೆಯುಂಟು. ಅದನ್ನು ದಾಟಿದರೆ ಸಡಿಲಾಗುವುದು ಮೊದಲು ಹುರಿ, ಆಮೇಲೆ ಮಾತು. ಅವನಿಗೆ ಬೇಕಾದುದು ಮಹಾಮನೆಯ ಹೆಚ್ಚಿನ ಹೊನ್ನಲ್ಲ. ಹಗ್ಗಕ್ಕೆ ಸಲ್ಲುವ ಬೆಲೆ, ಕೆಟ್ಟ ವರ್ಷಕ್ಕೊಂದು ಆಸರೆ, ಹಗ್ಗದ ಗುಣವನ್ನು ಅರಿತು ಕೊಳ್ಳುವ ಜನ.

ವಚನಗಳನ್ನು ಪಠಿಸುವ ಭಕ್ತರಿಗೂ ವ್ಯಾಸಂಗ ಮಾಡುವ ವಿದ್ಯಾರ್ಥಿಗಳಿಗೂ ಚಂದಯ್ಯ ಲಕ್ಕಮ್ಮರು ಒಡ್ಡುವ ಪ್ರಶ್ನೆ ಒಂದೇ. ಕಾಯಕವನ್ನು ಕೊಂಡಾಡುವುದು ಸುಲಭ. ಅದರ ಅಳತೆಯನ್ನು ಗೌರವಿಸುವುದು ಕಷ್ಟ. ಮಾಡುವವನು ಅಳತೆ ಮೀರದಿರಬೇಕು. ಕೊಳ್ಳುವವನು ಅಳತೆಗೆ ಕಡಿಮೆ ಕೊಡದಿರಬೇಕು. ಸಮಾಜ ಆ ಅಳತೆಯಲ್ಲಿಯೇ ಬಾಳುವುದಕ್ಕೆ ಎಡೆಮಾಡಿಕೊಡಬೇಕು. ಈ ಮೂರು ಎಳೆಗಳೂ ಕೂಡಿ ಹೊಸೆದಾಗಲೇ ಕಾಯಕವೆಂಬ ಹಗ್ಗ ಭಾರ ಹೊರುವುದು. ಮೊದಲನೆಯ ಎಳೆಯನ್ನಷ್ಟೇ ಹಿಡಿದು ದುಡಿಯುವವರಿಗೆ ಉಪದೇಶಿಸುವುದು ಶರಣರ ಮಾತನ್ನು ಅರ್ಧ ಓದಿದಂತೆ.